ಪಿಸುಮಾತು ಬಾರದ ಅತ್ತೆ

ನನ್ನ ಸೋದರತ್ತೆ ಬಸ್ಸು ಹತ್ತಿದರೆ ಗುಂಡ್ಲುಪೇಟೆಯ ಮರ್ಯಾದಸ್ಥರೆಲ್ಲ ಮುಂದಿನ ಸ್ಟಾಪಿನಲ್ಲೇ ಇಳಿದುಬಿಡುತ್ತಾರೆ ಎಂದರೆ ನೀವು ನಂಬಲಿಕ್ಕಿಲ್ಲ. ನಾನೇ ಎರಡು ಸಲ ಇಳಿದಿದ್ದೇನೆ!

ತಪ್ಪು ಅವರ ಗಂಟಲಿನದು. ನರ್ಸಮ್ಮನಾಗಿ ಹಳ್ಳಿಹಳ್ಳಿ ತಿರುಗಿ, ಬೀದಿಯ ಈ ತುದಿಯಲ್ಲಿ ನಿಂತು ಆ ತುದಿಯ ಮಕ್ಕಳನ್ನು ಪೋಲಿಯೊ ಹನಿಗೆ ಕರೆದ ಗಂಟಲು ಅದು. ಪಿಸುಮಾತು ಬರುವುದೇ ಇಲ್ಲ. ನಿವೃತ್ತಿಯಾದ ಮೇಲಾದರೂ ಸುಮ್ಮನಿದ್ದರೆ ಊರಿಗೆ ಕ್ಷೇಮವಿತ್ತು. ಆದರೆ ಚಾಮರಾಜನಗರದಲ್ಲಿ ಯಾರೋ ಸಂಶೋಧಕರು ಅವರಿಗೊಂದು ಕೆಲಸ ಕೊಟ್ಟರು. ಮೈ ಬೆಳೆಯುವುದು, ಪ್ರೀತಿ, ಗಂಡು ಹೆಣ್ಣಿನ ಸಂಬಂಧ, ಇವನ್ನೆಲ್ಲ ನಮ್ಮ ಹುಡುಗ ಹುಡುಗಿಯರಿಗೆ ಯಾರು ಹೇಳಿಕೊಡುತ್ತಾರೆ ಎಂದು ಕೇಳಿ ಫಾರಂ ತುಂಬಬೇಕು. ಊರೆಲ್ಲ ಪಿಸುಗುಟ್ಟುವ ವಿಷಯಕ್ಕೆ ಊರಿಗೇ ದೊಡ್ಡ ಗಂಟಲನ್ನು ಆರಿಸಿದವರ ಧೈರ್ಯಕ್ಕೆ ಏನನ್ನೋಣ?

ಒಂದು ದಿನ ಬಸ್ಸಿನಲ್ಲಿ ಪಕ್ಕದ ಸೀಟಿನವರನ್ನು ಕೇಳಿದರು: "ಯಜಮಾನ್ರೇ, ಮಗಂಗೆ ಮದ್ವೆ ಮಾಡುದ್ರಂತೆ. ಸಂಸಾರದ ಇಚಾರ ಏನಾರ ಹೇಳ್ಕೊಟ್ರಾ?"

"ಹೇಳ್ದೆ ಕಣವ್ವ. ಉಷಾರು ಅಂದೆ."

"ಆಮ್ಯಾಕೆ?"

"ಆಮ್ಯಾಕೆ ಇನ್ನೇನು? ಇನ್ನೊಂದ್ಸಲ ಉಷಾರು ಅಂದೆ!"

ಚಾಮರಾಜನಗರಕ್ಕೆ ಟಿಕೆಟ್ ತೆಗೆದಿದ್ದ ಯಜಮಾನರು ತೆರಕಣಾಂಬಿಯಲ್ಲೇ ಇಳಿದು ಹೋದರು.

ಈರುಳ್ಳಿ ಮಂಡಿಯಲ್ಲೂ ಇದೇ ಕತೆ. ಮೂಟೆಯ ಮೇಲೆ ಕೂತಿದ್ದ ತರುಣನೊಬ್ಬನನ್ನು "ಹುಡ್ಗಿ ಬ್ಯಾಡ ಅಂದ್ರೆ ಏನ್ಲಾ ಅರ್ಥ?" ಎಂದರು. ಅವನು ನಾಚುತ್ತ, "ಬ್ಯಾಡ ಅಂದ್ರೆ ಊಂ ಅಂತ ಕಣಕ್ಕ" ಎಂದ.

"ಹಂಗಾ? ನೀನು ಈ ರೇಟು ಬ್ಯಾಡ ಅಂದಾಗ ದಲ್ಲಾಳಿ ಊಂ ಅಂತ ಬರ್ಕಂಡು ಮೂಟೆ ಎತ್ಕಂಡು ಹೋದ್ರೆ?"

"ಬುಟ್ಬುಟ್ಟೇನಾ!" ಎಂದು ಅವನು ಎದ್ದು ನಿಂತವನು, ಹಾಗೇ ಬಾಯಿ ಮುಚ್ಚಿಕೊಂಡು ಕೂತ. ಮಂಡಿಗೆ ಮಂಡಿಯೇ ನಕ್ಕಿತು.

ನಾನೂ ನಕ್ಕೆ. ನಾನು ಹೈಸ್ಕೂಲಿನ ವಿಜ್ಞಾನದ ಟೀಚರು. ಹತ್ತನೇ ತರಗತಿಯ ಆ ಒಂದು ಪಾಠ ಬಂದಾಗ "ಮನೇಲಿ ಓದಿಕೊಳ್ಳಿ" ಎಂದು ಪುಟ ತಿರುಗಿಸುವ ಟೀಚರು!

ಹೋದ ಬೇಸಿಗೆಯಲ್ಲಿ ನನ್ನ ಮಗಳು ದೊಡ್ಡವಳಾದಳು. ನನ್ನ ತಮ್ಮ ಸೋದರಮಾವನ ಠೀವಿಯಲ್ಲಿ ತೆಂಗಿನ ಗರಿ ತಂದು ಗುಡ್ಲು ಹಾಕಿದ. ಬೀದಿಗೆ ಫ್ಲೆಕ್ಸ್ ಬಂತು, ಚಿಗಳಿ ಉಂಡೆ ಬಂತು, ಫೋಟೋದವರೂ ಬಂದರು. ವಿಷಯ ಊರಿಗೆಲ್ಲ ಗೊತ್ತಾಯಿತು. ಗುಡ್ಲಿನೊಳಗೆ ಕೂತವಳಿಗೆ ಮಾತ್ರ ಯಾರೂ ಏನೂ ಹೇಳಿರಲಿಲ್ಲ. ಅವಳನ್ನು ಮುಟ್ಟಬಾರದು ಎಂಬುದಷ್ಟೇ ನಮಗೆಲ್ಲ ಚೆನ್ನಾಗಿ ನೆನಪಿತ್ತು.

ಅತ್ತೆ ಬಂದವರೇ ಬಗ್ಗಿ ಒಳಗೆ ಹೋದರು. ಇನ್ನೇನು, ಈಗ ಬೀದಿಗೆಲ್ಲ ಪಾಠ ಎಂದು ನಾನು ಕಿವಿ ಮುಚ್ಚಿಕೊಳ್ಳಲು ಸಿದ್ಧಳಾದೆ. ಆದರೆ ಒಂದು ಸದ್ದೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಹೊರಬಂದು ನನ್ನನ್ನು ಬಚ್ಚಲ ಹತ್ತಿರ ಕರೆದೊಯ್ದರು. ಆ ಗಂಟಲಿನಿಂದ ಅಷ್ಟು ಸಣ್ಣ ದನಿ ನಾನು ಯಾವತ್ತೂ ಕೇಳಿರಲಿಲ್ಲ.

"ಅಮ್ಮಿ, ಅವ್ಳು ಏನ್ ಕೇಳುದ್ಲು ಗೊತ್ತಾ? 'ಅಜ್ಜಿ, ನಾ ಸತ್ತೋಯ್ತೀನಾ' ಅಂತ."

ಅತ್ತೆ ಒಮ್ಮೆ ಗುಡ್ಲಿನ ಕಡೆ ತಿರುಗಿ ನೋಡಿದರು.

"ನಾನೂ ಗುಡ್ಲಲ್ಲಿ ಕೂತ್ಕಂಡು ದಿನಾ ಸಾವು ಕಾದೋಳೇ ಕಣಮ್ಮಿ. ನಂಗೆ ಯಾರೂ ಹೇಳ್ನಿಲ್ಲ. ಸಾಯಕಿಲ್ಲ ಅಂತ ಅವ್ಳಿಗೆ ಹೇಳಿವ್ನಿ, ಅಷ್ಟೆಯ. ಮಿಕ್ಕಿದ್ದು ನೀ ಹೇಳು. ಇಸ್ಕೂಲಲ್ಲಿ ಮನೇಲಿ ಓದ್ಕಳಿ ಅಂತೀಯಲ್ಲ, ಇದೇ ಕಣಮ್ಮಿ ಮನೆ."

ಬಗ್ಗಿ ಗುಡ್ಲಿನೊಳಗೆ ಹೋದೆ. ಮಗಳು ಮೂಲೆಗೆ ಸರಿದು, "ಮುಟ್ಬೇಡ ಅಮ್ಮ" ಎಂದಳು.

ಅಷ್ಟರಲ್ಲಿ ಹೊರಗೆ ಅತ್ತೆಯ ಹಳೆಯ ಗಂಟಲು ಗುಡುಗಿತು: "ಯಾರೂ ಒಳೀಕ್ ಬರ್ಬ್ಯಾಡಿ! ತಾಯಿ ಮಗ್ಳು ಮಾತಾಡ್ತಾವ್ರೆ!"

ಇಡೀ ಬೀದಿಗೆ ಕೇಳಿಸಿತು. ಕೇಳಿಸಲಿ ಎಂದುಕೊಂಡು ಮಗಳ ಕೈ ಹಿಡಿದುಕೊಂಡೆ.