ಮಿಸಾಕಿಯ ಚೀಲದ ದೇವರು

ಚೀಲದೊಳಗೆ ಕೈ ತೂರಿಸಿ, ಕಣ್ಣು ಮುಚ್ಚಿಕೊಂಡೇ ಮಾಲು ಯಾವ ಸೀಮೆಯದು, ಎಷ್ಟು ಒಣಗಿದೆ, ತಳದಲ್ಲಿ ಏನು ಮೋಸ ತುಂಬಿದ್ದಾರೆ ಎಂದು ಹೇಳಬಲ್ಲ ಗಂಡು ಇಡೀ ಚೆನ್ನೈಯಲ್ಲಿ ಯಾರಾದರೂ ಇದ್ದರೆ ಅದು ಹಾಲಸಿದ್ದಪ್ಪ, ಅಂದರೆ ನಾನು! ನಮ್ಮದು ಬ್ಯಾಡಗಿ ಮೆಣಸಿನಕಾಯಿಯ ಸಗಟು ವ್ಯಾಪಾರ. ಅಪ್ಪನ ಕಾಲಕ್ಕೇ ಕೋಡಂಬಾಕ್ಕಂಗೆ ಬಂದು ಬೇರು ಬಿಟ್ಟ ಮನೆತನ. ಜಗತ್ತಿನಲ್ಲಿ ನನಗೆ ಅರ್ಥವಾಗದ ಚೀಲವೇ ಇಲ್ಲ ಎಂದು ಎದೆ ತಟ್ಟಿಕೊಂಡು ತಿರುಗುತ್ತಿದ್ದೆ, ಮೊನ್ನೆಯ ಶ್ರಾವಣದವರೆಗೆ.

ಅಷ್ಟರಲ್ಲಿ ನಮ್ಮ ಮನೆಗೆ ಮಿಸಾಕಿ ಬಂದಳು. ಜಪಾನಿನ ಹುಡುಗಿ. ನಮ್ಮ ಮಗಳು ತೇಜಶ್ರೀ ಓದುವ ಕಾಲೇಜಿಗೆ ವಿದ್ಯಾರ್ಥಿ ವಿನಿಮಯದಲ್ಲಿ ಬಂದವಳು. ಓದು ಮುಗಿಯುವ ತನಕ ನಮ್ಮ ಮನೆಯಲ್ಲೇ ವಾಸ. ನನ್ನ ಹೆಂಡತಿ ನೀಲಗಂಗಾಳ ಬಾಯಲ್ಲಿ ಬಂದ ವಾರವೇ ಅವಳು ಮೀನಾಕ್ಷಿಯಾದಳು.

"ಈ ಹುಡುಗಿ ವಾಪಸ್ ಹೋದ ಮೇಲೆ ಜಪಾನಿಗೆ ಜಪಾನೇ ನನ್ನ ಅತಿಥಿಸತ್ಕಾರ ಕೊಂಡಾಡಬೇಕು, ನೋಡ್ತಿರು!" ಎಂದು ಘೋಷಿಸಿದೆ.

"ಕೊಂಡಾಡೂದು ಹಾಂಗಿರ್ಲಿ. ಬೈಕೋತ ಹೋಗ್ದಿದ್ರ ಸಾಕು," ಎಂದಳು ನೀಲಗಂಗಾ.

ಒಂದು ಸಂಜೆ ಮಳೆಗೆ ಸಿಕ್ಕಿ ಮಿಸಾಕಿಯ ಬೆನ್ನುಚೀಲ ಒದ್ದೆಯಾಯಿತು. ಅವಳು ನಡುಮನೆಯಲ್ಲಿ ಹಳೆಯ ಪೇಪರ್ ಹಾಸಿ ಸಾಮಾನುಗಳನ್ನು ಒಂದೊಂದಾಗಿ ಹೊರಗಿಟ್ಟಳು. ನಾನು ಕುರ್ಚಿ ಎಳೆದುಕೊಂಡು ಪರಿಶೀಲನೆಗೆ ಕುಳಿತೆ. ಟಿಶ್ಯೂ ಪೊಟ್ಟಣ, ಕೈ ಒರೆಸುವ ಪುಟ್ಟ ಟವೆಲು, ಅಂಗೈಯಲ್ಲಿ ಹಿಡಿಯುವ ಮಡಿಚುಕೊಡೆ.

"ಕೊಡೆ ಇದ್ದೂ ಯಾಕವ್ವಾ ತೊಯ್ಸಿಕೊಂಡಿ?" ಎಂದೆ, ನನ್ನ ಇಂಗ್ಲಿಷಿನಲ್ಲಿ.

"ತೇಜಶ್ರೀಗೆ ಹಿಡಿದಿದ್ದೆ, ಅಂಕಲ್," ಎಂದಳು, ಅವಳ ಇಂಗ್ಲಿಷಿನಲ್ಲಿ. ನಮ್ಮಿಬ್ಬರ ಇಂಗ್ಲಿಷನ್ನು ನಿಮ್ಮ ಮೇಲಿನ ಕರುಣೆಯಿಂದ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಮುಂದೆ ಒಂದು ಪ್ಲಾಸ್ಟಿಕ್ ಕವರು. ಅದರೊಳಗೆ ಬಸ್ ಟಿಕೆಟ್ಟು, ಚಾಕೊಲೇಟಿನ ಕಾಗದ, ಮಾವಿನ ಜ್ಯೂಸಿನ ಖಾಲಿ ಡಬ್ಬಿ! ದಾರಿಯಲ್ಲಿ ಕಸದ ಡಬ್ಬಿ ಕಾಣಲಿಲ್ಲವಂತೆ, ಅದಕ್ಕೆ ಕಸವನ್ನು ಮನೆಗೆ ಹೊತ್ತು ತಂದಿದ್ದಾಳೆ! ಆಗಷ್ಟೇ ಕಡಲೆಕಾಯಿ ಪೊಟ್ಟಣವನ್ನು ಕಿಟಕಿಯಿಂದಾಚೆ ಎಸೆದಿದ್ದ ನಾನು ಗಹಗಹಿಸಿ ನಕ್ಕೆ. ನೀಲಗಂಗಾ ಮಾತ್ರ ನಗಲಿಲ್ಲ.

ಕೊನೆಗೆ ಬಂತು ನೋಡಿ, ಬೆನ್ನುಚೀಲದ ಹೊರಗೆ ನೇತಾಡುತ್ತಿದ್ದ ಒಂದು ಪುಟ್ಟ ರೇಷ್ಮೆ ಚೀಲ! ಹೆಬ್ಬೆರಳಿನಷ್ಟೇ ಉದ್ದ, ಕುಂಕುಮದ ಬಣ್ಣ, ಜರಿಯ ಅಂಚು, ಬಾಯಿಗೆ ಬಿಳಿ ದಾರದ ನಾಜೂಕಾದ ಗಂಟು. ಬೇರೆಲ್ಲ ಸಾಮಾನು ಬಿಟ್ಟು ಅದನ್ನೇ ಮೊದಲು ಒರೆಸಿದಳು.

"ಇದು ದೇವರದು, ಅಂಕಲ್. ಅಜ್ಜಿ ಕೊಟ್ಟಿದ್ದು. ಇದನ್ನು..."

ಅವಳು ಇನ್ನೂ ಏನೋ ಹೇಳುತ್ತಿದ್ದಳು. ಕೇಳಿಸಿಕೊಳ್ಳುವವರು ಯಾರು? ನನ್ನ ತಲೆ ಆಗಲೇ ಓಡತೊಡಗಿತ್ತು. ರೇಷ್ಮೆ ಬಟ್ಟೆ, ದಾರ, ಒಳಗೆ ದೇವರು! ನಮ್ಮಲ್ಲೂ ಬೆಳ್ಳಿಯ ಕರಡಿಗೆ ಇಲ್ಲದವರು ಇಷ್ಟಲಿಂಗವನ್ನು ಬಟ್ಟೆಯಲ್ಲಿ ಕಟ್ಟಿಯೇ ಕೊರಳಿಗೆ ಧರಿಸುತ್ತಾರೆ. ಅಂದರೆ ಶಿವ ಜಪಾನಿಗೂ ಹೋಗಿದ್ದಾನೆ! ಆದರೆ ಲಿಂಗ ಮೈ ಬಿಟ್ಟು ಇಳಿಯಬಾರದು, ದಿನದ ಪೂಜೆ ತಪ್ಪಬಾರದು. ಈ ಹುಡುಗಿಯೋ ಅದನ್ನು ಬೆನ್ನುಚೀಲಕ್ಕೆ ನೇತುಹಾಕಿ, ಆ ಚೀಲವನ್ನು ನಮ್ಮ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಇಡುತ್ತಾಳೆ! ನನಗೆ ಮೈಯೆಲ್ಲ ಉರಿಯಿತು.

"ಪಾಪ, ಅದಕ್ಕ ತಿಳಿಯೂದಿಲ್ಲ. ಒಂದು ದಿನ ನಾನೇ ಸಾಂಗವಾಗಿ ಪೂಜೆ ಮಾಡಿಕೊಡ್ತೀನಿ," ಎಂದೆ ಹೆಂಡತಿಗೆ.

"ಹುಡುಗಿ ಚೀಲಕ್ಕ ಕೈ ಹಚ್ಚಬ್ಯಾಡ್ರಿ. ಅದೇನ್ ನಿಮ್ಮ ಮೆಣಸಿನಕಾಯಿ ಚೀಲ ಅಲ್ಲ," ಎಂದಳು. ಹೆಂಡತಿಯ ಮಾತಿಗೆ ಹೆದರಿ ಧರ್ಮಕಾರ್ಯ ಬಿಡುವುದುಂಟೆ?

ಶ್ರಾವಣ ಸೋಮವಾರ ಬಂತು. ಕಾಲೇಜಿಗೆ ರಜ. ಮೂವರೂ ಹೆಂಗಸರು ಟ್ರಿಪ್ಲಿಕೇನಿನ ಯಾವುದೋ ಮೆಸ್ಸಿನಲ್ಲಿ ಊಟ ಮಾಡಿ ಮರೀನಾ ನೋಡಿ ಬರುತ್ತೇವೆಂದು ಹೊರಟರು. ಬೆನ್ನುಚೀಲ ಮನೆಯಲ್ಲೇ ಉಳಿಯಿತು. ನಾನು ಗೋಡೌನಿಗೆ ಒಂದು ಸುತ್ತು ಹೋಗಿ ಬಂದು, ಸ್ನಾನ ಮಾಡಿ, ಹಣೆತುಂಬ ವಿಭೂತಿ ಬಳಿದುಕೊಂಡು, ರೇಷ್ಮೆ ಚೀಲವನ್ನು ಬಿಡಿಸಿ ತಂದು ಪೂಜೆಗೆ ಕುಳಿತೆ. ಕಣ್ಣು ಮುಚ್ಚಿ, ಗಂಟು ಬಿಚ್ಚಿ, ಚೀಲವನ್ನು ಎಡ ಅಂಗೈಯ ಮೇಲೆ ಬೋರಲು ಹಾಕಿದೆ. ಏನೋ ಬಿತ್ತು. ಕಣ್ಣು ತೆರೆಯದೆ ಮಂತ್ರ ಹೇಳುತ್ತ ತಂಬಿಗೆಯಿಂದ ಧಾರಾಳವಾಗಿ ನೀರೆರೆದೆ. ಭಕ್ತಿ ಎಂದರೆ ಹಾಗಿರಬೇಕು!

ಕಣ್ಣು ತೆರೆದರೆ ಅಂಗೈಯಿಂದ ಮೊಣಕೈವರೆಗೆ ಕಪ್ಪು ನೀರು!

ಲಿಂಗವೂ ಇಲ್ಲ, ಗಿಂಗವೂ ಇಲ್ಲ. ಇದ್ದದ್ದು ಒಂದು ಸಣ್ಣ ದಪ್ಪ ಕಾಗದ. ಅದರ ಮೇಲೆ ಕುಂಚದಲ್ಲಿ ಬರೆದಿದ್ದ ಜಪಾನೀ ಅಕ್ಷರಗಳು ನನ್ನ ಕಣ್ಣೆದುರೇ ಕರಗಿ ಹರಿಯುತ್ತಿದ್ದವು. ಗಾಬರಿಯಲ್ಲಿ ಕಾಗದ ಒರೆಸಿದೆ. ಉಳಿದ ಅಕ್ಷರವೂ ಹೋಯಿತು. ನೆನೆದ ಚೀಲವನ್ನು ಹಿಂಡಿದೆ, ಹೊಲಿಗೆ ಬಿಟ್ಟಿತು. ಬೇಗ ಒಣಗಲೆಂದು ಇಸ್ತ್ರಿಪೆಟ್ಟಿಗೆ ಇಟ್ಟೆ, ಜರಿ ಮುದುಡಿತು. ನಾನು ಕೈ ಹಚ್ಚಿದಷ್ಟೂ ಅದು ಕೆಡುತ್ತ ಹೋಯಿತು.

ಖಾಲಿ ಕಾಗದವನ್ನೇ ಒಳಗಿಡುವುದು ಮಹಾಪಾಪ ಅನ್ನಿಸಿತು. ಜಪಾನೀ ಅಕ್ಷರ ನನಗೆಲ್ಲಿ ಬರಬೇಕು? ಗೋಡೌನಿನಲ್ಲಿ ಚೀಲಗಳ ಮೇಲೆ ಗುರುತು ಹಾಕುವ ಮಾರ್ಕರಿನಿಂದ ದುಂಡಗೆ 'ಓಂ ನಮಃ ಶಿವಾಯ' ಎಂದು ಬರೆದು ಒಳಗಿಟ್ಟೆ. ಹರಿದ ಹೊಲಿಗೆಗೆ ಸೂಜಿ ಹುಡುಕಿದೆ, ಸಿಗಲಿಲ್ಲ. ಕೈಗೆ ಸಿಕ್ಕಿದ್ದು ಗೋಣಿಚೀಲ ಹೊಲಿಯುವ ದಬ್ಬಣ ಮತ್ತು ಸುತಳಿ. ಅದರಲ್ಲೇ ಹೊಲಿದು, ನನ್ನ ವೃತ್ತಿಜೀವನದ ಅತ್ಯುತ್ತಮ ಗಂಟು ಬಿಗಿದು, ಇದ್ದ ಜಾಗದಲ್ಲೇ ನೇತುಹಾಕಿ, ಯಾರಿಗೆ ಗೊತ್ತಾಗುತ್ತದೆ ಎಂದು ಕಾಲು ಚಾಚಿ ಮಲಗಿದೆ.

ಸಂಜೆ ಜಪಾನಿನಿಂದ ಅಜ್ಜಿಯ ವಿಡಿಯೊ ಕಾಲ್ ಬಂತು. ಪ್ರತಿ ಸಲವೂ ಆ ಪುಟ್ಟ ಚೀಲವನ್ನು ಅಜ್ಜಿಗೆ ತೋರಿಸುವುದು ಮಿಸಾಕಿಯ ಪದ್ಧತಿ ಎಂದು ನನಗೇನು ಗೊತ್ತು! ನಗುನಗುತ್ತ ಅದನ್ನು ಮುಖದ ಹತ್ತಿರ ಹಿಡಿದಳು. ಹಿಡಿದವಳೇ ಆಕ್ಷೀ ಎಂದು ಸೀನಿದಳು. ಮತ್ತೆ ಸೀನಿದಳು. ಸುತಳಿಗೆ ಹತ್ತಿದ್ದ ಮೆಣಸಿನಕಾಯಿಯ ಘಾಟು! ಕಣ್ಣೊರೆಸಿಕೊಂಡು ಕೈಯಲ್ಲಿದ್ದುದನ್ನು ನೋಡಿದಳು. ನಗು ನಿಂತುಹೋಯಿತು. ಫೋನಿನಲ್ಲಿ ಅಜ್ಜಿಯೂ ಪರದೆಯ ಹತ್ತಿರಕ್ಕೆ ಮುಖ ತಂದರು.

ತೇಜಶ್ರೀ ಬಗ್ಗಿ ನೋಡಿದಳು. "ಅಪ್ಪಾ, ಇದು ನಮ್ಮ ಗೋಡೌನ್ ಸುತಳಿ ತಾನೇ? ಎನ್ನಪ್ಪಾ ಪಣ್ಣೀಂಗ?" ಏನು ಮಾಡಿದೆ ಎಂದು ಮಗಳು ತಮಿಳಿನಲ್ಲಿ ಕೇಳಿದರೆ ವಿಷಯ ಗಂಭೀರ ಎಂದೇ ಅರ್ಥ.

"ಇಲಿ! ಇಲಿ ಕಡಿದಿರಬೇಕು!" ಎಂದೆ.

"ಇಲಿ ಕಡದು, ಸುತಳೀಲೆ ಹೊಲದು, ಮ್ಯಾಲೆ ಗಂಟೂ ಹಾಕಿ ಹೋತೇನ್ರಿ?" ಎಂದಳು ನೀಲಗಂಗಾ.

ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದೆ. ತೇಜಶ್ರೀ ಒಂದೊಂದು ಮಾತನ್ನೂ ಇಂಗ್ಲಿಷಿಗೆ ತಿರುಗಿಸಿದಳು, ಮಿಸಾಕಿ ಅದನ್ನು ಜಪಾನೀ ಭಾಷೆಗೆ ತಿರುಗಿಸಿದಳು. ನನ್ನ ಅವಮಾನ ಒಂದೇ ಸಂಜೆ ಮೂರು ಭಾಷೆ ಸುತ್ತಿ ಬಂತು!

"ಬಿಚ್ಚಬಾರದು ಅಂತ ಅವತ್ತೇ ಹೇಳಿದೆನಲ್ಲ, ಅಂಕಲ್," ಎಂದಳು ಮಿಸಾಕಿ, ಮೆಲ್ಲಗೆ. "ಬಿಚ್ಚಿದರೆ ಒಳಗಿನ ಆಶೀರ್ವಾದ ಹೊರಟುಹೋಗುತ್ತೆ. ಅಜ್ಜಿಗೆ ಮೊಣಕಾಲು ನೋವು. ಆದರೂ ನನಗೋಸ್ಕರ ಬೆಟ್ಟ ಹತ್ತಿ ಗುಡಿಯಿಂದ ತಂದಿದ್ದರು." ಅವಳು ಬೈದಿದ್ದರೆ ಚೆನ್ನಾಗಿತ್ತು. "ಪರವಾಗಿಲ್ಲ" ಎಂದು ತಲೆಬಾಗಿದಳು, ಕಣ್ಣಲ್ಲಿ ನೀರು ತುಂಬಿಕೊಂಡೇ. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಮರುದಿನದಿಂದ ಬೆನ್ನುಚೀಲ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಕಾಣಲಿಲ್ಲ. ಅವಳ ಕೋಣೆಯೊಳಗೆ ಹೋಗಿತ್ತು, ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿತ್ತು. ನನ್ನ ಮನೆಯಲ್ಲಿ, ನನ್ನ ಅತಿಥಿ, ನನಗೆ ಹೆದರಿ ಚಿಲಕ ಹಾಕಿಕೊಳ್ಳುವುದು! ಆ ನಾಚಿಕೆಯನ್ನು ಯಾರ ಹತ್ತಿರ ಹೇಳಿಕೊಳ್ಳಲಿ?

"ನಾಳೆ ಹಾಸ್ಟೆಲಿಗೆ ಹೊಕ್ಕೀನಿ ಅಂದ್ರ ಯಾವ ಮಾರಿ ಇಟ್ಕೊಂಡು ತಡೀತೀರಿ?" ಎಂದಳು ನೀಲಗಂಗಾ. ಅಂಗಡಿಯಲ್ಲೂ ಚೀಲಕ್ಕೆ ಕೈ ಹಾಕಲು ಮನಸ್ಸಾಗಲಿಲ್ಲ. ಕೊನೆಗೆ ತೇಜಶ್ರೀಯ ಫೋನಿನೆದುರು ಕೈಮುಗಿದು ನಿಂತು, "ಅಜ್ಜಿ, ತಪ್ಪಾತು, ಹೊಟ್ಟ್ಯಾಗ ಹಾಕ್ಕೋರಿ" ಎಂದು ಬ್ಯಾಡಗಿ ಕನ್ನಡದಲ್ಲೇ ವಿಡಿಯೊ ಮಾಡಿ ಜಪಾನಿಗೆ ಕಳಿಸಿದೆ. ಅತ್ತಲಿಂದ ಸದ್ದೇ ಇಲ್ಲ. ಮಿಸಾಕಿ ದಿನಾ ನಕ್ಕು ನಮಸ್ಕಾರ ಹೇಳುತ್ತಿದ್ದಳು, ಆದರೆ ನನ್ನ ಎದುರಿಗೆ ಕೂತು ಹರಟುವುದನ್ನು ಬಿಟ್ಟಿದ್ದಳು.

ಗಣೇಶನ ಹಬ್ಬ ಕಳೆದ ಮೇಲೆ ಜಪಾನಿನಿಂದ ಒಂದು ಪಾರ್ಸೆಲ್ ಬಂತು. ಮಿಸಾಕಿ ಅದನ್ನು ತಂದು ಎಲ್ಲರ ಎದುರಿಗೇ ಒಡೆದಳು. ಒಳಗೆ ಎರಡು ರೇಷ್ಮೆ ಚೀಲಗಳು! ಕುಂಕುಮದ ಬಣ್ಣದ್ದನ್ನು ನೋಡಿ ಅವಳ ಮುಖ ಅರಳಿತು. ಎಂದಿನಂತೆ ಬೆನ್ನುಚೀಲಕ್ಕೆ ಕಟ್ಟಿದಳು. ಹಳದಿ ಬಣ್ಣದ್ದನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಬಗ್ಗಿದಳು.

"ಅಂಕಲ್, ಇದು ನಿಮಗೆ. ನಿಮ್ಮ ವಿಡಿಯೊ ನೋಡಿ ಅಜ್ಜಿ ಮತ್ತೆ ಬೆಟ್ಟ ಹತ್ತಿದರಂತೆ."

ನನ್ನ ಕಣ್ಣು ಮಂಜಾಯಿತು. ದೇಶ ಬೇರೆ, ಭಾಷೆ ಬೇರೆ, ಆದರೂ ಆ ಮುದುಕಿ ನನ್ನ ಭಕ್ತಿಯನ್ನು ಅರಿತಿದ್ದರು! ಎದೆ ಮತ್ತೆ ಉಬ್ಬಿತು. ಹೆಂಡತಿಗೆ ಕೇಳಿಸಲೆಂದೇ ಗಟ್ಟಿಯಾಗಿ ಕೇಳಿದೆ, "ಇದು ಯಾತಕ್ಕವ್ವಾ? ಆಯುಷ್ಯಕ್ಕೋ, ವ್ಯಾಪಾರ ವೃದ್ಧಿಗೋ?"

ಮಿಸಾಕಿ ಕೆಂಪಾಗಿ ತೇಜಶ್ರೀಯ ಮುಖ ನೋಡಿದಳು. ತೇಜಶ್ರೀ ಛಾವಣಿ ನೋಡಿದಳು.

"ಹೇಳವ್ವಾ, ಸಂಕೋಚ ಬೇಡ!"

"ವಿದ್ಯೆಗೆ, ಅಂಕಲ್. ನಮ್ಮಲ್ಲಿ ಮಕ್ಕಳು ಮೊದಲನೇ ಸಲ ಶಾಲೆಗೆ ಹೋಗುವಾಗ ಕಟ್ಟುತ್ತಾರೆ. ಟೀಚರ್ ಹೇಳುವುದನ್ನು ಕೊನೆಯವರೆಗೂ ಕೇಳಿಸಿಕೊಳ್ಳುವ ಬುದ್ಧಿ ಬರಲಿ ಅಂತ."

ನೀಲಗಂಗಾ ಎದ್ದು ಬಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ನನ್ನ ಅಂಗಿಯ ಗುಂಡಿಗೆ ತಾನೇ ಕಟ್ಟಿದಳು.

"ಮೀನಾಕ್ಷಿ, ಅಜ್ಜಿಗೆ ಕೇಳವ್ವಾ," ಎಂದಳು. "ಇಷ್ಟ್ ವಯಸ್ಸಾದವ್ರಿಗೆ ಒಂದ ಸಾಕಾಗ್ತದೋ, ಇನ್ನೊಂದು ತರಿಸಬೇಕೋ?"