ಬೆಳ್ಳಿ ಪರಾತದ ಪರೀಕ್ಷೆ

ಶಂಭುಲಿಂಗನಿಗೆ ಹೆಂಡತಿ ಗಂಗಾಂಬಿಕಾಳ ಮೇಲಿದ್ದ ದೂರು ಒಂದೇ ಒಂದು. (ಆ ವಾರದ ಮಟ್ಟಿಗೆ.) ಮನೆಯಲ್ಲಿ ಹೊಳೆಯುವ ವಸ್ತು ಯಾವುದೇ ಇರಲಿ, ಅದು ತಾಮ್ರವೋ, ಹಿತ್ತಾಳೆಯೋ, ಕಂಚೋ ಎಂದು ವಿಚಾರಿಸುವ ಗೋಜಿಗೇ ಹೋಗದೆ ಹುಣಸೆಹಣ್ಣು ಹಚ್ಚಿ ತಿಕ್ಕಿಬಿಡುತ್ತಾಳೆ ಎಂಬುದು. ಹೋದ ದೀಪಾವಳಿಗೆ ಪಾತ್ರೆಗಳ ರಾಶಿಯಲ್ಲಿ ಅವನ ಕೈಗಡಿಯಾರವೂ ಸಿಕ್ಕಿತ್ತು. ಅದನ್ನೂ ತಿಕ್ಕಿದಳು. ಗಡಿಯಾರ ಚೆನ್ನಾಗಿ ಹೊಳೆಯಿತು. ನಡೆಯಲಿಲ್ಲ, ಅಷ್ಟೇ.

ಈ ಸಲ ಹಾಗಾಗಕೂಡದು. ಸೋಮವಾರ ಮಠದ ಸ್ವಾಮಿಗಳು ಮನೆಗೆ ಬಂದು ಪಾದಪೂಜೆ ಸ್ವೀಕರಿಸುವವರಿದ್ದರು. ಅಟ್ಟದ ಮೇಲಿನ ಹಂಡೆ, ಕೊಡ, ಗಂಗಾಳ, ದೀಪದ ಸಮೆ ಎಲ್ಲವೂ ಕೆಳಗಿಳಿದು ಪಡಸಾಲೆಯಲ್ಲಿ ಬಂದು ಕೂತಿದ್ದವು. ಅವುಗಳ ನಡುವೆ, ರೇಷ್ಮೆ ವಸ್ತ್ರ ಸುತ್ತಿಕೊಂಡು, ಅಗಲ ತಟ್ಟೆಯಂಥ ಬೆಳ್ಳಿ ಪರಾತ. ಶಂಭುಲಿಂಗನ ತಂದೆ ಬಸಪ್ಪನವರು ಹಿಂದೆ ಹುಬ್ಬಳ್ಳಿಯಿಂದ ತಂದದ್ದು. "ಗುರುಗಳ ಪಾದ ತೊಳಿಯೋದು ನಮ್ಮ ಮನ್ಯಾಗಿನ ಬೆಳ್ಳಿ ಪರಾತದಾಗ" ಎಂದು ಅವನು ಬನವಾಸಿಯ ಪೇಟೆಯಲ್ಲಿ ಕೇಳಿದವರಿಗೆಲ್ಲ ಹೇಳಿದ್ದ. ಕೇಳದವರಿಗೂ ಹೇಳಿದ್ದ.

"ಮನೆತನಾ ಕೇಳದ ಹೆಣ್ಣ ಕೊಡ್ತಾರೇನು?" ಎಂದ ಹುಣಸೆಹಣ್ಣು ನೆನೆಹಾಕುತ್ತಿದ್ದ ಹೆಂಡತಿಗೆ. "ಹಂಗ ಲೋಹದ ಮನೆತನಾ ಕೇಳದ ಕೈ ಹಚ್ಚಬಾರ್ದು. ಮೊದಲ ಪರೀಕ್ಷಾ, ಆಮ್ಯಾಲ ತಿಕ್ಕೋದು."

"ನಮ್ಮಪ್ಪ ನಿಮ್ಮ ಮನೆತನಾ ಕೇಳೇ ಕೊಟ್ಟಿದ್ರು. ಏನ್ ಉಪಯೋಗಾತು?" ಎಂದಳು ಗಂಗಾಂಬಿಕಾ.

ಶಂಭುಲಿಂಗ ಅದನ್ನು ಕೇಳಿಸಿಕೊಳ್ಳಲಿಲ್ಲ. ವಿಜ್ಞಾನಿಗಳು ಇಂಥದ್ದನ್ನೆಲ್ಲ ಕೇಳಿಸಿಕೊಳ್ಳುತ್ತ ಕೂತರೆ ಲೋಕ ಮುಂದುವರಿಯುವುದಿಲ್ಲ. ಅವನದು ಪೇಟೆಯಲ್ಲಿ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಕೊಡುವ ಅಂಗಡಿ. ದಿನವೆಲ್ಲ ತಾಮ್ರದ ತಂತಿ ಸುತ್ತಿ ಸುತ್ತಿ, ಜಗತ್ತಿನ ಸಕಲ ಲೋಹಗಳೂ ತನಗೆ ಹತ್ತಿರದ ಸಂಬಂಧಿಕರು ಎಂಬ ಭಾವನೆ ಅವನಿಗೆ ಬಂದುಬಿಟ್ಟಿತ್ತು. ಸಾಲದ್ದಕ್ಕೆ ಫೋನಿನಲ್ಲಿ ಯಾರೋ ಒಬ್ಬ ಗಡ್ಡದ ಮನುಷ್ಯ ಲೋಹ ಗುರುತಿಸುವ ವಿದ್ಯೆಯನ್ನು ವಿವರಿಸಿದ್ದನ್ನೂ ನೋಡಿದ್ದ. ಹಳೇ ಸ್ಪೀಕರಿನಿಂದ ಕಿತ್ತ ದಪ್ಪ ಮ್ಯಾಗ್ನೆಟ್ಟನ್ನು ಕೈಯಲ್ಲಿ ಹಿಡಿದು ಮಣೆಯ ಮೇಲೆ ಕೂತ. ಅದರ ಹೆಸರು ಆ ಕ್ಷಣದಿಂದ 'ಲೋಹಪರೀಕ್ಷಾ ಪೀಠ'.

ಮೂಲೆಯ ಕಂಬಕ್ಕೊರಗಿ ಎಲೆ-ಅಡಿಕೆ ಕುಟ್ಟುತ್ತಿದ್ದ ತಾಯಿ ಮುರಿಗೆವ್ವ ತಲೆಯೆತ್ತಿ ನೋಡಿದಳು. ಮತ್ತೆ ಕುಟ್ಟತೊಡಗಿದಳು.

ಮೊದಲಿಗೆ ಸಿಕ್ಕಿದ್ದು ಗಂಗಾಂಬಿಕಾ ಮದುವೆಯಲ್ಲಿ ತಂದ ಸ್ಟೀಲಿನ ಡಬ್ಬಿಗಳು. ಮ್ಯಾಗ್ನೆಟ್ ಹಚ್ಚಿದ. ಅಂಟಲಿಲ್ಲ. ಇನ್ನೊಂದಕ್ಕೆ ಹಚ್ಚಿದ. ಅದಕ್ಕೂ ಅಂಟಲಿಲ್ಲ. ಅವನ ಮುಖ ಅರಳಿತು.

"ಖೊಟ್ಟಿ! ನಿಮ್ಮಪ್ಪನ ಮನಿ ಬಿಳಗಿಯವರು ಮೋಸ ಮಾಡ್ಯಾರ. ಸ್ಟೀಲಿಗೆ ಮ್ಯಾಗ್ನೆಟ್ ಹಿಡೀವಲ್ದು!"

"ಚಲೋ ಸ್ಟೀಲಿಗೆ ಮ್ಯಾಗ್ನೆಟ್ ಹಿಡಿಯಂಗಿಲ್ಲ ಅಂತ ಅದ ಗಡ್ಡದಾಂವನ ಹೇಳ್ಯಾನ," ಎಂದಳು ಅವಳು. "ನಾನೂ ನೋಡೇನಿ. ನೀವು ಅರ್ಧಕ್ಕ ನಿದ್ದಿ ಹೋಗಿದ್ರಿ."

ಪೀಠಾಧ್ಯಕ್ಷರು ಆ ಡಬ್ಬಿಗಳನ್ನು ಬದಿಗೆ ಸರಿಸಿದರು.

ಆದರೆ ಹೇಳಬೇಕಾದ ಮಾತೆಂದರೆ, ಆಟವಾಗಿ ಶುರುವಾದದ್ದು ಬರಬರುತ್ತ ಅವನನ್ನೇ ಹಿಡಿದುಕೊಂಡಿತು. ಹಸಿರುಗಟ್ಟಿದ ಕೊಡದ ಹೊಟ್ಟೆಯ ಮೇಲೆ ನಿಂಬೆಹೋಳಿನಿಂದ ಒಂದು ರೂಪಾಯಿಯಷ್ಟು ಜಾಗ ತಿಕ್ಕಿದರೆ, ಒಳಗಿಂದ ಕೆಂಪು ಇಣುಕಿತು. ತಾಮ್ರ. ಪಕ್ಕದ ಬಿಂದಿಗೆಯೂ ಅಷ್ಟೇ ಹಸಿರು, ಅಷ್ಟೇ ಕೊಳಕು. ಅಲ್ಲಿ ತಿಕ್ಕಿದರೆ ಅರಿಸಿನ ಬಣ್ಣ. ಹಿತ್ತಾಳೆ. ಒಂದೇ ಅಟ್ಟದಲ್ಲಿ ಒಂದೇ ಧೂಳು ಹೊದ್ದು ಮಲಗಿದ್ದವು, ಆದರೂ ಒಂದೊಂದೂ ತನ್ನ ಬಣ್ಣವನ್ನು ಒಳಗೆ ಹಾಗೇ ಕಾಪಾಡಿಕೊಂಡಿತ್ತು. ದಿನಾ ತಾಮ್ರ ಮುಟ್ಟುವ ಮನುಷ್ಯ, ತಾಮ್ರವನ್ನು ಅಂದೇ ಮೊದಲ ಸಲ ನೋಡಿದವನ ಹಾಗೆ ಬಾಯಿ ತೆರೆದು ಕೂತ.

ಆಮೇಲೆ ಬಂದದ್ದು ಕಂದುಗಪ್ಪಾದ ಅಗಲ ಗಂಗಾಳ. ಅಂಚನ್ನು ಎರಡು ಬೆರಳಿನಲ್ಲಿ ತೂಗಿಹಿಡಿದು ಚಮಚೆಯಿಂದ ಬಡಿದ. ಝುಂ ಎಂದು ಹೊರಟ ನಾದ ಪಡಸಾಲೆ ದಾಟಿ, ಹಿತ್ತಲಿಗೆ ಹೋಗಿ, ಅಲ್ಲಿ ತನಗೇನೂ ಕೆಲಸವಿಲ್ಲವೆಂದು ವಾಪಸು ಬಂದಂತೆ ಕಿವಿಯಲ್ಲೇ ನಿಂತಿತು. ಗಂಗಾಂಬಿಕಾಳ ಕೈ ಹುಣಸೆಹಣ್ಣಿನ ನೀರಲ್ಲೇ ಉಳಿಯಿತು. ಮುರಿಗೆವ್ವನ ಕುಟ್ಟಾಣಿ ನಿಂತಿತು.

"ಕಂಚು," ಎಂದ ಶಂಭುಲಿಂಗ ಪಿಸುಮಾತಿನಲ್ಲಿ.

"ನಿಮ್ಮಜ್ಜಂದು," ಎಂದಳು ಮುರಿಗೆವ್ವ. "ಉಂಡ ಎದ್ದ ಮ್ಯಾಲ ಬೆರಳಲೆ ಹಿಂಗ ಬಡಿತಿದ್ದ. ಆ ಸಪ್ಪಳಾ ಕೇಳಿದ ಮ್ಯಾಲನ ನಾವು ಹೆಂಗಸರು ಉಣ್ಣಾಕ ಕುಂದ್ರತಿದ್ವಿ. ಈಗ ಕೇಳಿದ್ರೂ ಹಸಿವು ಆಗತೈತಿ ನೋಡು."

ಅವಳಿಗೆ ನಿಜಕ್ಕೂ ಹಸಿವಾಗಿತ್ತು. ಗಂಗಾಂಬಿಕಾ ಎದ್ದು ಹೋಗಿ ಅವಲಕ್ಕಿ ತಂದುಕೊಟ್ಟಳು.

ಹೀಗೆ ಎಲ್ಲ ಪಾತ್ರೆಗಳಿಗೂ ಕುಲ ಸಿಕ್ಕಿದ ಮೇಲೆ ಅವಳು ಸೆರಗಿಗೆ ಕೈ ಒರೆಸಿಕೊಂಡು, "ಎಲ್ಲಾ ನೋಡಿದ್ರಿ. ನಮ್ಮಜ್ಜಿ ಕೊಟ್ಟ ಬಟ್ಟಲಾ ಎಲ್ಲಿ?" ಎಂದಳು.

ಶಂಭುಲಿಂಗನಿಗೆ ತುಸು ಕಸಿವಿಸಿಯಾಯಿತು. ಆ ಬಟ್ಟಲು ಅಂಗಡಿಯಲ್ಲಿತ್ತು. ಮದುವೆಯಾದ ಹೊಸದರಲ್ಲಿ ಅದರ ಕರಿಮುಖ ಕಂಡು, ಇದು ಯಾವುದಕ್ಕೂ ಬಾರದ ಲೋಹವೆಂದು ತೀರ್ಪು ಕೊಟ್ಟು, ಮೋಟಾರಿನ ತಂತಿಗೆ ಬಳಿಯುವ ವಾರ್ನಿಷ್ ಹಾಕಿಡಲು ಅವನೇ ಒಯ್ದಿದ್ದ.

"ಅದನ್ನ ಏನ್ ಪರೀಕ್ಷಾ ಮಾಡ್ತಿ? ಅದು ತವರ."

"ತವರಿನ ಸುದ್ದಿ ತೆಗೀಬ್ಯಾಡ್ರಿ!"

"ತವರು ಅಲ್ಲ ಮಾರಾಯ್ತಿ, ತವರ! ಕಲಾಯಿ ಹಾಕೋ ತವರ!"

"ತವರಿಂದು ಅಂತ ಅದಕ್ಕ ತವರ ಆತಾ? ನಿಮ್ಮ ಮನಿದೆಲ್ಲ ಬೆಳ್ಳಿ, ನಮ್ಮ ಮನಿದೆಲ್ಲ ತವರ! ಎಂತ ನ್ಯಾಯ ಮಾರಾಯ್ರೆ ಇದು?"

ಸಿಟ್ಟು ಬಂದಾಗ ಅವಳ ಬಾಯಿಂದ ತವರೂರು ಬಿಳಗಿಯ 'ಎಂತ' ಹೊರಬೀಳುತ್ತದೆ. 'ಎಂತ' ಬಂತೆಂದರೆ ವಾದ ಮುಗಿಯಿತೆಂದು ಶಂಭುಲಿಂಗನಿಗೆ ಅನುಭವದಿಂದ ಗೊತ್ತು. ಬೈಕು ತೆಗೆದು ಅಂಗಡಿಗೆ ಹೋಗಿ ಬಟ್ಟಲು ತಂದ. ಥಿನ್ನರಿನಲ್ಲಿ ಮುಳುಗಿಸಿಟ್ಟ. ವಾರ್ನಿಷಿನ ಪದರು ಹುರಿದ ಕಡಲೆಯ ಸಿಪ್ಪೆಯಂತೆ ಬಿಟ್ಟುಬಂತು. ಒಳಗೂ ಕಪ್ಪೇ.

"ನೋಡಿದ್ಯಾ?" ಎಂದ.

"ಪರೀಕ್ಷಾ ಮಾಡ್ರಿ," ಎಂದಳು.

ಮ್ಯಾಗ್ನೆಟ್ ಅಂಟಲಿಲ್ಲ. ಅದೇನೂ ಸಾಕ್ಷಿಯಲ್ಲ, ಬೆಳ್ಳಿಗೂ ಅಂಟುವುದಿಲ್ಲ, ತವರಕ್ಕೂ ಅಂಟುವುದಿಲ್ಲ. ಗಡ್ಡದವನ ಪ್ರಕಾರ ಉಳಿದದ್ದು ಒಂದೇ ಉಪಾಯ: ಐಸು. ಬೆಳ್ಳಿ ಬೇರಾವ ಲೋಹಕ್ಕಿಂತಲೂ ಬೇಗ ಶಾಖ ಸಾಗಿಸುವುದರಿಂದ, ಅದರ ಮೇಲೆ ಐಸು ಇಟ್ಟರೆ ಒಲೆಯ ಮೇಲಿಟ್ಟಂತೆ ಕರಗುತ್ತದಂತೆ.

"ಹಂಗಾರ ಎರಡರಾಗೂ ಇಡೋಣು," ಎಂದಳು ಗಂಗಾಂಬಿಕಾ. "ಬಟ್ಟಲದಾಗೊಂದು, ಪರಾತದಾಗೊಂದು."

"ಪರಾತಕ್ಕ್ಯಾಕ ಪರೀಕ್ಷಾ? ಅದು ನಮ್ಮಪ್ಪ ತಂದಿದ್ದು!"

"ಬೆಳ್ಳಿ ಹೆಂಗ ಕರಗಸ್ತೈತಿ ಅಂತ ಗೊತ್ತಾಗಬೇಕಲ್ರಿ, ಹೋಲಿಸಿ ನೋಡಾಕ."

ವಾದ ನ್ಯಾಯವಾಗಿತ್ತು. ಫ್ರಿಜ್ಜಿನಿಂದ ಎರಡು ತುಂಡು ಬಂದವು. ಶಂಭುಲಿಂಗ ಪರಾತದ ರೇಷ್ಮೆ ವಸ್ತ್ರ ಬಿಡಿಸಿ, ಕೈಮುಗಿದು, ನಟ್ಟನಡುವೆ ಒಂದು ತುಂಡನ್ನು ಇಟ್ಟ. ಇನ್ನೊಂದನ್ನು ಬಟ್ಟಲಿಗೆ ಹಾಕಿ ಅಂಗೈ ಮೇಲೆ ಹಿಡಿದುಕೊಂಡ.

ಹಿಡಿದ ಕ್ಷಣದಲ್ಲೇ ಬೆರಳುಗಳು ಜುಮ್ಮೆಂದವು. ಐಸು ಒಳಗಿತ್ತು, ಆದರೆ ಚಳಿ ಆಗಲೇ ಹೊರಗೆ ಬಂದು ಅವನ ಕೈ ಹಿಡಿದಿತ್ತು. ನೋಡುನೋಡುತ್ತ ತುಂಡಿನ ಮೂಲೆಗಳು ಮೆತ್ತಗಾದವು, ಬುಡ ಜಾರಿತು, ತನ್ನದೇ ನೀರಿನಲ್ಲಿ ಅದು ತೇಲಾಡುತ್ತ ಸಣ್ಣದಾಯಿತು. ಬೆಂಕಿಯಿಲ್ಲ, ಬಿಸಿಲಿಲ್ಲ. ಕರಿ ಬಟ್ಟಲೊಂದು ಸುಮ್ಮನೆ ಕೂತು ಐಸು ಕುಡಿಯುತ್ತಿತ್ತು. ಗಂಗಾಂಬಿಕಾ ಬಗ್ಗಿ ನೋಡುತ್ತಿದ್ದಳು.

ಪರಾತದ ಮೇಲಿನ ತುಂಡು, ಬೀಗರ ಮನೆಗೆ ಬಂದ ಹಿರಿಯರ ಹಾಗೆ, ಕೂತಲ್ಲೇ ಗಟ್ಟಿಯಾಗಿ ಕೂತಿತ್ತು.

ಶಂಭುಲಿಂಗ ಅದನ್ನು ತುಸು ಪಕ್ಕಕ್ಕೆ ಸರಿಸಿದ. ಅಲ್ಲೂ ಹಾಗೇ ಕೂತಿತು. ಬೇರೆ ತುಂಡು ತರಿಸಿದ. (ಮೊದಲನೆಯ ತುಂಡೇ ಸರಿಯಿಲ್ಲದಿರಬಹುದು.) ಅದೂ ಕದಲಲಿಲ್ಲ.

"ಜರ್ಮನ್ ಸಿಲ್ವರ್," ಎಂದ ಕೊನೆಗೆ. ಧ್ವನಿ ಬಾವಿಯೊಳಗಿಂದ ಬಂದಂತಿತ್ತು. ಹೆಸರಿನಲ್ಲಿ ಬಿಟ್ಟರೆ ಆ ಲೋಹದಲ್ಲಿ ಬೆಳ್ಳಿಯ ಚೂರೂ ಇರುವುದಿಲ್ಲ.

ಗಂಗಾಂಬಿಕಾ ನಗಬಹುದೆಂದು ಅವನು ಕಾದ. ಅವಳು ನಗಲಿಲ್ಲ. ಅವಳ ಕಣ್ಣು ಬಟ್ಟಲಿನ ಮೇಲಿತ್ತು. ಮುರಿಗೆವ್ವ ಸೆರಗಿನ ಗಂಟಿನಿಂದ ವಿಭೂತಿಯ ಗಟ್ಟಿ ತೆಗೆದು, ಪುಡಿಮಾಡಿ, ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕತೊಡಗಿದಳು. ಕಪ್ಪು ಅವಳ ಬೆರಳಿಗಿಳಿಯಿತು. ಬಟ್ಟಲಿನ ಪಕ್ಕೆಯಲ್ಲಿ ಬಿಳುಪು ಒಡೆಯಿತು, ಕರೆಯುವ ಹಾಲಿನ ನೊರೆಯ ಬಿಳುಪು. ಅದರಲ್ಲಿ ಒಂದು ಎಳೆ ಬಳ್ಳಿ, ಬಳ್ಳಿಯ ತುದಿಯಲ್ಲಿ ಒಂದು ಗಿಳಿ. ಗಿಳಿಗೆ ಕಣ್ಣು ಕೂಡ ಕೆತ್ತಿದ್ದರು. ಇಷ್ಟು ವರ್ಷ ವಾರ್ನಿಷಿನ ಕೆಳಗೆ ಅದು ಕಣ್ಣು ತೆರೆದುಕೊಂಡೇ ಕೂತಿತ್ತಲ್ಲ ಎಂದು ಶಂಭುಲಿಂಗನಿಗೆ ಮೈ ಝುಂ ಅಂದಿತು.

"ನಮ್ಮಜ್ಜಿ ನನಗ ಹಾಲು ಕುಡಿಸಿದ ಬಟ್ಟಲಾ," ಎಂದಳು ಗಂಗಾಂಬಿಕಾ. "ನೀವು ವಾರ್ನಿಷ್ ಕುಡಿಸಿದ್ರಿ."

ಶಂಭುಲಿಂಗ ಥಿನ್ನರಿನ ಡಬ್ಬಿಯನ್ನು ಕಾಲಿನಿಂದ ಮೆಲ್ಲಗೆ ಮಣೆಯ ಹಿಂದಕ್ಕೆ ತಳ್ಳಿದ.

ಬಟ್ಟಲಿನ ಪಾಪ ಒಂದಾದರೆ, ಪರಾತದ ಚಿಂತೆ ಇನ್ನೊಂದು. ಪೇಟೆಗೆಲ್ಲ ಡಂಗುರ ಸಾರಿಯಾಗಿತ್ತು. "ಯವ್ವಾ, ಶಿರಸಿಗೆ ಹೋಗಿ ಹೊಸಾದು ತರ್ತೀನಿ. ಗುರುಗಳ ಪಾದ ಜರ್ಮನಿಯೊಳಗ ತೊಳೀಲೇನು?" ಎಂದು ತಾಯಿಯ ಮುಂದೆ ಕೂತ.

ಮುರಿಗೆವ್ವ ಬೆಚ್ಚಿಬೀಳಲಿಲ್ಲ, ಕಣ್ಣರಳಿಸಲಿಲ್ಲ. "ಪಾದ ತೊಳಿಯೋದು ನೀರಾಗ," ಎಂದಳು. "ಇದರಾಗ ಮಾಡು. ಹೊಸಾದೇನ್ ಬ್ಯಾಡ."

ಸೋಮವಾರ ಪೂಜೆ ಅದರಲ್ಲೇ ಆಯಿತು. ಹಾಲು ಗಿಳಿಯ ಬಟ್ಟಲಿನಲ್ಲಿ ಬಂತು. ಪೇಟೆಯ ಕಿರಾಣಿ ಅಂಗಡಿಯ ಆನಂದ ಮುಂದೆ ಬಾಗಿ ಪರಾತವನ್ನು ನೋಡಿ, "ಶಂಭಣ್ಣ, ಬೆಳ್ಳಿ ಅಂದ್ರ ಇದು ನೋಡಪಾ! ಕಣ್ಣ ಕುಕ್ಕತೈತಿ!" ಎಂದ. ನಿಜ ಹೇಳಿಬಿಡಬೇಕೆಂದು ಶಂಭುಲಿಂಗ ಬಾಯಿ ತೆರೆದ. ಹಿಂದಿನಿಂದ ತಾಯಿ ಕೆಮ್ಮಿದಳು. ಆ ಕೆಮ್ಮು ನೆಗಡಿಯದಾಗಿರಲಿಲ್ಲ.

"ಅಪ್ಪಾರು ತಂದಿದ್ದು," ಎಂದಷ್ಟೇ ಹೇಳಿದ.

ಸಂಜೆ ಬಂದವರೆಲ್ಲ ಹೋದ ಮೇಲೆ ಮೂವರೂ ಪಾತ್ರೆ ಒರೆಸುತ್ತ ಕೂತಿದ್ದರು. ಶಂಭುಲಿಂಗನಿಗೆ ತಡೆಯಲಾಗಲಿಲ್ಲ. "ಯವ್ವಾ, ನಿನಗ ಮೊದಲ ಗೊತ್ತಿತ್ತೇನು?"

"ತಂದ ವರ್ಷನ ಗೊತ್ತಾತು," ಎಂದಳು ಮುರಿಗೆವ್ವ, ಪರಾತ ಒರೆಸುವುದನ್ನು ನಿಲ್ಲಿಸದೆ. "ಬೆಳ್ಳಿ ಅಂದ ಮ್ಯಾಲ ಕಪ್ಪಾಗಬೇಕು. ನನ್ನ ಕಡಗ ಕಪ್ಪಾದ್ವು, ಲಿಂಗದ ಕರಡಗಿ ಕಪ್ಪಾತು. ಇದೊಂದು ಹೆಂಗಿತ್ತೋ ಹಂಗ. ಆವಾಗ ತಿಳೀತು."

"ಅಪ್ಪಗ ಹೇಳಲಿಲ್ಲ?"

"ಹೆಂಗ ಹೇಳ್ಲಿ? ಹುಬ್ಬಳ್ಳಿಂದ ಬಸ್ಸಿನ್ಯಾಗ ತೊಡಿ ಮ್ಯಾಲ ಇಟ್ಕೊಂಡ ಬಂದಿದ್ರು. ಧೂಳಾ ಬೀಳಬಾರ್ದಂತ ಹೆಗಲ ಮ್ಯಾಲಿನ ಟಾವೆಲ್ ಸುತ್ತಿದ್ರು. ಬಾಗಲಾಗ ನಿಂತು ಹೆಂಗ ನಕ್ಕಿದ್ರು ಗೊತ್ತೇನು?" ಅವಳ ಕೈ ನಿಂತಿತು. "ಪ್ರತಿ ಹಬ್ಬಕ್ಕೂ 'ಅಯ್ಯ, ಪರಾತ ಎಷ್ಟ ಕಪ್ಪಾಗೇತ್ರಿ' ಅಂತಿದ್ದೆ. ಅವರ ಎದುರಿಗೇ ಕುಂತು ವಿಭೂತಿ ಹಚ್ಚಿ ತಿಕ್ಕತಿದ್ದೆ. 'ಬೆಳ್ಳಿ ಅಲಾ, ಕಪ್ಪಾಗದ ಇರತೈತಿ?' ಅಂತ ಅವರು ಮೀಸಿ ಮ್ಯಾಲ ಕೈ ಎಳಕೊಂತಿದ್ರು. ಅವರು ಹೋಗೋತನಾ ತಿಕ್ಕೇನಿ."

ಶಂಭುಲಿಂಗ ಪರಾತವನ್ನು ದೀಪದ ಹತ್ತಿರ ಹಿಡಿದು ನೋಡಿದ. ಅಂಚಿನ ಸುತ್ತಲೂ ಒಂದು ಕಾಲಕ್ಕೆ ಏನೋ ಚಿತ್ತಾರವಿತ್ತು. ಈಗ ಅದು ಸವೆದು ನುಣ್ಣಗಾಗಿತ್ತು. ಕಪ್ಪಾಗದ ಪಾತ್ರೆಯನ್ನು ಹಬ್ಬ ಹಬ್ಬಕ್ಕೂ ತಿಕ್ಕಿ ತಿಕ್ಕಿ ಚಿತ್ತಾರವನ್ನೇ ಅಳಿಸಿದ ಕೈ ಅಗೋ ಅಲ್ಲಿ ಕೂತು ಎಲೆ-ಅಡಿಕೆಯ ಚೀಲ ಹುಡುಕುತ್ತಿತ್ತು. ಅವನಿಗೆ, ಈ ಲೋಹವನ್ನು ಗುರುತಿಸುವ ಪರೀಕ್ಷೆ ಗಡ್ಡದವನಿಗೂ ಗೊತ್ತಿರಲಾರದು ಎನ್ನಿಸಿತು.

ಎನ್ನಿಸಿದ ಬೆನ್ನಲ್ಲೇ ಇನ್ನೇನೋ ಎನ್ನಿಸಿ ಮೆಲ್ಲಗೆ ಹೆಂಡತಿಯ ಕಡೆ ತಿರುಗಿದ.

"ಏ ಗಂಗಾ, ನಾ ಶಿರಸಿಯಿಂದ ತಂದುಕೊಟ್ಟ ಬೆಳ್ಳಿ ಕಾಲ್ಚೈನು... ಮೊನ್ನೆ ಅವನ್ನೂ ವಿಭೂತಿ ಹಚ್ಚಿ ತಿಕ್ಕತಿದ್ದೆಲ್ಲ? ಅವು ಕಪ್ಪಾಗಿದ್ವಲಾ?"

ಗಂಗಾಂಬಿಕಾ ಎರಡೂ ಪಾದಗಳನ್ನು ಮೆಲ್ಲಗೆ ಸೀರೆಯೊಳಗೆ ಎಳೆದುಕೊಂಡಳು. ಅತ್ತೆ ಸೊಸೆಯನ್ನು ನೋಡಿದಳು, ಸೊಸೆ ಅತ್ತೆಯನ್ನು ನೋಡಿದಳು. ಮುರಿಗೆವ್ವ ಉಳಿದಿದ್ದ ವಿಭೂತಿಯ ತುಂಡನ್ನು ನೆಲದ ಮೇಲೆ ಸರಿಸುತ್ತ ಸೊಸೆಯ ಕಡೆಗೆ ನೂಕಿದಳು.

"ಹೌದ್ರಿ," ಎಂದಳು ಗಂಗಾಂಬಿಕಾ. "ಭಾಳ ಕಪ್ಪಾಗಿದ್ವು."