ಇಂಜೆಕ್ಷನ್ ಕೊಟ್ಟು ತೆಗೆದ ಚಿತ್ರ

ನಮ್ಮ ಮನೆಗೆ ಹೆದರಿಕೆ ಒಂಟಿಯಾಗಿ ಬಂದದ್ದೇ ಇಲ್ಲ. ಜೊತೆಗೆ ಯಾರಾದರೊಬ್ಬರು ನಗಿಸಿಯೇ ನಗಿಸುತ್ತಾರೆ, ಅದೂ ಬೇಕೆಂದಲ್ಲ. ನನ್ನ ಆರು ವರ್ಷದ ಮಗಳು ಹರಿಹರದ ಶಾಲೆಯಲ್ಲಿ ಎರಡು ಸಲ ಫಿಟ್ಸ್ ಬಂದು ಬಿದ್ದಾಗಲೂ ಹಾಗೇ ಆಯಿತು.

ನೀರು ಬಿಟ್ಟು ನೋಡುವುದು

ದಾವಣಗೆರೆಯಲ್ಲಿ ತಲೆಯ ಎಂ.ಆರ್.ಐ. ಮಾಡಿಸಿದೆವು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, ಒಂದು ಕಡೆ ಮಸುಕಾಗಿದೆ, ಗಡ್ಡೆಯೋ ಹಳೆಯ ಕಲೆಯೋ ತಿಳಿಯದು ಎಂದರು. ರಕ್ತಕ್ಕೆ ಕಾಂಟ್ರಾಸ್ಟ್ ಔಷಧಿ ಬಿಟ್ಟು ಇನ್ನೊಮ್ಮೆ ತೆಗೆಯಬೇಕಂತೆ. ಗಡ್ಡೆಯಿದ್ದರೆ ಔಷಧಿ ಅಲ್ಲಿ ನಿಂತು ಬೆಳ್ಳಗೆ ಎದ್ದು ಕಾಣುತ್ತದಂತೆ.

ನಾನು ಮಗಳನ್ನು ಹತ್ತಿರಕ್ಕೆ ಎಳೆದುಕೊಂಡೆ. ಭಾನುವಳ್ಳಿಯಲ್ಲಿ ಗದ್ದೆ ಮಾಡುವ ನನ್ನ ಗಂಡ ಮಾತ್ರ ತಲೆಯಾಡಿಸಿ, "ಗೊತ್ತಾತು ಬಿಡ್ರಿ. ಕಾಲುವೆ ನೀರು ಬಿಟ್ಟಾಗ್ಲೇ ಬದು ಎಲ್ಲಿ ತೂತು ಬಿದ್ದೈತೆ ಅಂತ ಕಾಣೋದು" ಎಂದರು.

ಡಾಕ್ಟರು ಪೆನ್ನು ಕೆಳಗಿಟ್ಟು, ತಮಗೂ ಯಾರೂ ಇಷ್ಟು ಚೆನ್ನಾಗಿ ಹೇಳಿಕೊಟ್ಟಿರಲಿಲ್ಲ ಎಂದರು. ಅಂದಿನಿಂದ ನಮ್ಮವರು ಬಸ್ಸಿನಲ್ಲಿ ಪಕ್ಕ ಕೂತವರ ಮಂಡಿನೋವಿಗೂ ಸಲಹೆ ಕೊಡುತ್ತಿದ್ದಾರೆ.

ಅರಿಶಿನದ ಕೊಂಬು

ಎರಡನೇ ಸಲ ಮಗಳ ಜೊತೆ ನಾನೂ ಒಳಗೆ ಹೋಗಬೇಕಾಯಿತು. ಒಳಗಿರುವುದು ದೊಡ್ಡ ಅಯಸ್ಕಾಂತ, ಮೈಮೇಲಿನ ಲೋಹವೆಲ್ಲ ತೆಗೆಯಿರಿ, ತಾಳಿಯನ್ನೂ ಎಂದರು ನರ್ಸಮ್ಮ. ಜೊತೆಗೆ ಬಂದಿದ್ದ ಅತ್ತೆ ಅಡ್ಡ ನಿಂತರು. ಇಂಥ ದಿನ ಬರಿಗೊರಳು ಬ್ಯಾಡ ಎಂದು ಚೀಲದಿಂದ ಅರಿಶಿನದ ಕೊಂಬು ಕಟ್ಟಿದ ದಾರ ತೆಗೆದು ನನ್ನ ಕೊರಳಿಗೆ ಹಾಕಿದರು. ಮನೆಯಿಂದಲೇ ಕಟ್ಟಿ ತಂದಿದ್ದರು. ನನ್ನ ಊಟದ ಡಬ್ಬಿ ಮಾತ್ರ ಮರೆತಿದ್ದರು.

ಅರಿಶಿನ ಒಳಗೆ ಬಿಡಬಹುದೇ ಎಂದು ನರ್ಸಮ್ಮನಿಗೂ ಗೊತ್ತಿಲ್ಲ. ಮಿಷನ್ ನಡೆಸುವವರನ್ನು ಕರೆದು ತಂದರು. ಅವರು ಕೊಂಬನ್ನು ತಿರುಗಿಸಿ ತಿರುಗಿಸಿ ನೋಡಿ ತೀರ್ಪು ಕೊಟ್ಟರು: "ಬೆಳೆದದ್ದು ಬರಬಹುದ್ರಿ. ಮಾಡಿಸಿದ್ದು ಬ್ಯಾಡ."

ಅಲುಗಾಡಿದವರು

ಔಷಧಿ ಮಗಳ ಕೈಯ ನರದೊಳಗೆ ಹೋಯಿತು. ಮಿಷನ್ ತಗಡು ಬಡಿದಂತೆ ಶುರುವಾಯಿತು. ನಾನು ಅವಳ ಕಾಲು ಹಿಡಿದು ಕೂತೆ. ಬೆಳ್ಳಗೆ ಕಾಣಬಾರದು, ಬೆಳ್ಳಗೆ ಕಾಣಬಾರದು, ಇದೊಂದೇ ನನ್ನ ಮಂತ್ರ.

ಸ್ಪೀಕರಿನಲ್ಲಿ ದನಿ ಬಂತು. ಚಿತ್ರ ಕೆಟ್ಟಿತು, ಮಗು ಅಲುಗಾಡುತ್ತಿದೆ. ನಾನು ಅವಳನ್ನು ಗದರಿದೆ. ಮತ್ತೆ ಶುರುವಾಯಿತು, ಮತ್ತೆ ಕೆಟ್ಟಿತು. ಮಿಷನ್ನಿನವರು ಒಳಗೇ ಬಂದು ನೋಡಿದರು. ಮಗಳು ಕಣ್ಣು ಮುಚ್ಚಿ ಕಲ್ಲಿನ ಹಾಗೆ ಮಲಗಿದ್ದಳು. ಕಾಲು ಬಿಗಿ ಹಿಡಿದ ನನ್ನ ಕೈ ನಡುಗುತ್ತಾ ಅವಳನ್ನು ತಲೆಯ ತನಕ ಕುಲುಕುತ್ತಿತ್ತು.

ಅವರು ಏನೂ ಬೈಯಲಿಲ್ಲ. ನನ್ನ ಎರಡೂ ಕೈ ತೊಡೆಯ ಕೆಳಗೆ ಇಡಿಸಿ ಹೋದರು. ಮೂರನೇ ಚಿತ್ರ ಸರಿಯಾಗಿ ಬಂತು.

ಸಂಜೆ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದಾಗ ನಾನು ಗೋಡೆ ನೋಡುತ್ತಿದ್ದೆ. ಎಲ್ಲೂ ಔಷಧಿ ನಿಂತಿಲ್ಲ, ಗಡ್ಡೆ ಅಲ್ಲ, ಹಳೆಯ ಕಲೆ ಅಷ್ಟೇ ಎಂದರು. ನಮ್ಮವರು ಮುಖ ಒರೆಸಿಕೊಂಡರು. ಡಾಕ್ಟರು ಮಾತ್ರೆಯ ಸ್ಟ್ರಿಪ್ಪನ್ನು ಮಗಳ ಕೈಗೇ ಕೊಟ್ಟು, ದಿನಾ ತಪ್ಪದೆ ತಗೊಂಡರೆ ಮೈ ನಡುಗುವುದಿಲ್ಲ ಪುಟ್ಟಿ ಎಂದರು.

ಅವಳು ಅದನ್ನು ತಿರುಗಿಸಿ ನೋಡಿ, ನನ್ನ ಮಡಿಲಿಗಿಟ್ಟಳು.

"ತಗೋ ಅಮ್ಮಾ, ನಿಂಗಂತೆ."